ಉದ್ದಪ್ಪನ ಡಯಲ್ ಗೇಜು

ನಳಕ್ಕೆ ನೀರು ಬಂದಿತ್ತು. ಓಣಿಯ ತುಂಬ ಕೊಡಗಳ ಸಪ್ಪಳ, ಯಾರೋ ಯಾರಿಗೋ ಬೈಯುವ ಸಪ್ಪಳ. ಸುಮನ್ ಕಣ್ಣು ತೆರೆದು ಜಂತಿ ನೋಡುತ್ತ ಮಲಗಿದ್ದಳು. ಸೋಮಲಿಂಗನ ದಿನದ ಊಟ ನಿನ್ನೆ ಮುಗಿದು, ಉಳಿದಿದ್ದ ನೆಂಟರೂ ಸಂಜೆಯ ಬಸ್ಸು ಹಿಡಿದು ಹೋಗಿದ್ದರು. ಇಷ್ಟು ದಿನ ಏಳು ಎನ್ನುವುದಕ್ಕೆ, ಕೂಡು ಎನ್ನುವುದಕ್ಕೆ, ಅಳು ಎನ್ನುವುದಕ್ಕೂ ಯಾರಾದರೊಬ್ಬರು ಪಕ್ಕದಲ್ಲಿರುತ್ತಿದ್ದರು. ಇವತ್ತು ಯಾರೂ ಏನೂ ಹೇಳಲಿಲ್ಲ. ಗಂಡನನ್ನು ಮಣ್ಣಿಗಿಟ್ಟ ಮೇಲೆ ಬಂದ ಮೊದಲ ಮಾಮೂಲಿ ಬೆಳಗು ಇದು ಎಂದು ಅವಳಿಗೆ ಹೊಳೆದದ್ದು ನೀರಿನ ಸಪ್ಪಳದಿಂದ. ಬಂದ ನೀರನ್ನು ತುಂಬಲೇಬೇಕು. ಎದ್ದು ಕೊಡ ಹಿಡಿದು ಹೊರಬಂದಳು. ನಳದ ಸುತ್ತಲಿನ ಗದ್ದಲ ತಟ್ಟನೆ ನಿಂತಿತು. ಪಾಳಿಯಲ್ಲಿ ಮುಂದಿದ್ದ ಮರೆವ್ವ, ಹಿಂದೊಮ್ಮೆ ಇದೇ ಪಾಳಿಗಾಗಿ ಸುಮನ್‌ಳ ಕೊಡವನ್ನು ಕಾಲಿನಿಂದ ನೂಕಿ ಓಣಿ ಕೇಳುವಂತೆ ಜಗಳ ತೆಗೆದಿದ್ದ ಮರೆವ್ವ, ಅರ್ಧವೇ ತುಂಬಿದ್ದ ತನ್ನ ಕೊಡವನ್ನು ಎತ್ತಿಕೊಂಡು ಹಿಂದೆ ಸರಿದಳು.

"ನೀ ತುಂಬ್ಕೋ ತಂಗಿ. ನಮ್ಮದೇನ, ಆಮ್ಯಾಲೆ ನಡೀತೈತಿ."

"ನಿಮ್ಮ ಪಾಳಿ ಐತಲ್ರಿ."

"ಇರ್ಲಿ ಬಿಡವಾ."

ಉಳಿದವರು ಅವಳ ಮುಖ ಬಿಟ್ಟು ಕೊಡವನ್ನೇ ನೋಡುತ್ತಿದ್ದರು. ಜಗಳವಾಡಿದ್ದರೆ ಚೆನ್ನಾಗಿತ್ತು ಎನಿಸಿತು. ಕೊಡ ತುಂಬುವವರೆಗೆ ನೀರಿನ ಧಾರೆಯನ್ನು ನೋಡುತ್ತ ನಿಂತಳು. ದುಃಖ ಎಂದು ತನಗೆ ಏನೋ ಆಗಬೇಕಿತ್ತಲ್ಲ, ಅದೆಲ್ಲಿ ಎಂದು ಒಳಗೆ ಹುಡುಕಿದಳು. ಕೊಡದ ಕಂಠಕ್ಕೆ ಹತ್ತಿದ ಕಿಲುಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು ಎಂಬ ಯೋಚನೆಯೊಂದೇ ಸಿಕ್ಕಿತು.

ಒಳಗೆ ಬಂದಾಗ ಭಾವ ಮಾಲಿಂಗಪ್ಪ ಕಟ್ಟೆಯ ಮೇಲೆ ಕುಳಿತು ಚಹಾವನ್ನು ಬಸಿಗೆ ಸುರಿದು ಊದುತ್ತಿದ್ದ. ಅತ್ತೆ ಹನಮವ್ವ ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು.

"ಸುಮನ್, ಗ್ಯಾರೇಜಿನ ಕೀಲಿ ಕೊಟ್ಟಬಿಡು," ಎಂದ ಮಾಲಿಂಗಪ್ಪ. "ಸಂಕೇಶ್ವರದ ವಿಶಾಲ ಬರಾಂವ ಅದಾನ. ತನ್ನ ಕಾರು ಲಾರಿಗೆ ಹೇರ್ಕೊಂಡು ಕೊಲ್ಲಾಪುರಕ್ಕ ಒಯ್ತಾನಂತ. ಉಳದದ್ದು ಅಲ್ಲೇ ದೊಡ್ಡ ಗ್ಯಾರೇಜಿನಾಗ ಮಾಡಸ್ತಾನಂತ."

"ಅಲ್ಲಿ ಯಾಕ್ರಿ?"

"ಮತ್ತ ಇಲ್ಲಿ ಯಾರದಾರ?" ಎಂದವನು ತನ್ನ ಮಾತು ತನಗೇ ಚುಚ್ಚಿದಂತೆ ಬಸಿಯ ಮೇಲೆ ಬಾಗಿದ. "ಆ ಕಾರು ಹೋದ್ರ ಪೀಡಾ ಹೋದಂಗ. ಶೆಡ್ಡ ಟಾಯರಿನವರು ಕೇಳಾಕತ್ತಾರ, ಕೊಡೂಣಂತ. ನಿಮ್ಮಣ್ಣ ಸಂಜೀಕ ಮೂಡಲಗಿಯಿಂದ ಬರ್ತಾನ, ನಾಕ ದಿನ ತವರಮನ್ಯಾಗ ಇದ್ದು ಬಾ. ತವರಿನವರು ಕರ್ಕೊಂಡು ಹೋಗೂತನ ನೀ ಓಣಿ ದಾಟೂ ಹಂಗಿಲ್ಲ, ಗೊತ್ತೈತಲ್ಲ?"

ಗೊತ್ತಿತ್ತು. ಬಂದುಹೋದ ಹೆಂಗಸರೆಲ್ಲ ಅದನ್ನು ಒಬ್ಬರಾದ ಮೇಲೊಬ್ಬರು ಅವಳ ಕಿವಿಯಲ್ಲಿ ಹೇಳಿಯೇ ಹೋಗಿದ್ದರು. ಅವಳು ಕೊಡ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡಳು. ಕೀಲಿ ಅದೇ ಸೆರಗಿನ ತುದಿಗೆ ಗಂಟಾಗಿತ್ತು.

"ಆ ಎಂಜಿನ್ ಒಳಗ ಏನೋ ತಾಗಾಕತ್ತೈತಿ ಭಾವಾ. ಹಂಗ ಸ್ಟಾರ್ಟ್ ಮಾಡಿದ್ರ ವಾಲ್ವ್ ಎಲ್ಲಾ ಬಾಗಿ ಹೋಗ್ತಾವ. ಸೋಮಲಿಂಗ ಮಾಡಿದ ಕೆಲಸ ಹಿಂಗಾತು ಅಂತ ಸಂಕೇಶ್ವರ, ಕೊಲ್ಲಾಪುರ ತುಂಬಾ ಮಂದಿ ಆಡ್ಕೋತಾರ. ನಾ ನೋಡ್ತೀನಿ."

"ನೀ? ನೀ ಸಾಲ್ಯಾಗ ಕಲಸಾಕಿ."

"ಕಾಲೇಜಿನಾಗ," ಎಂದಳು. ಅದು ಯಾಕೆ ಹೇಳಿದೆ ಎಂದು ತಿಳಿಯಲಿಲ್ಲ. ಅವಳು ಹೊರಟಾಗ ಮಾಲಿಂಗಪ್ಪ ಹಿಂದಿನಿಂದ ಕರೆದ. ಹನಮವ್ವ ತಿರುಗಿ ನೋಡಲಿಲ್ಲ. ಸುಮನ್ ಹೊಸ್ತಿಲು ದಾಟಿ, ನಳ ದಾಟಿ, ಓಣಿಯ ಬಾಯಿಗೆ ಬಂದು ಘಟಪ್ರಭಾ ರಸ್ತೆಯನ್ನೂ ದಾಟಿದಳು. ಹಿಂದೆ ಕೊಡಗಳ ಸಪ್ಪಳ ಮತ್ತೊಮ್ಮೆ ನಿಂತದ್ದು ಬೆನ್ನಿಗೆ ತಿಳಿಯಿತು.

ಶೆಡ್ಡಿನೊಳಗೆ ಅವನ ವಾಸನೆ ಇರುತ್ತದೆ ಎಂದು ಹೆದರಿದ್ದಳು. ಇದ್ದದ್ದು ಬರೀ ಗ್ರೀಸಿನ ವಾಸನೆ. ಎರಡೇ ಸೀಟಿನ ಆ ಕೆಂಪು ಸ್ಪೋರ್ಟ್ಸ್ ಕಾರು ಬಾನೆಟ್ಟು ತೆರೆದುಕೊಂಡು ಹಾಗೆಯೇ ನಿಂತಿತ್ತು. ವಿಶಾಲ ಇದನ್ನು ಪುಣೆಯಲ್ಲಿ ಹಳೆಯದಾಗಿ ಕೊಂಡು, ಪಂದ್ಯದಲ್ಲಿ ಓಡಿಸಬೇಕು, ಇನ್ನೂ ಬಲ ಬೇಕು ಎಂದು ತಂದು ನಿಲ್ಲಿಸಿದಾಗ ಸೋಮಲಿಂಗ ಮೂರು ಸುತ್ತು ಬಂದು, ಚಪ್ಪಲಿ ಕಳಚಿ ಒಳಗೆ ಕುಳಿತಿದ್ದ. ಟ್ರಾಕ್ಟರ್ ಪಂಪು, ಟಂಟಂ ರಿಕ್ಷಾದ ಗೇರ್‌ಬಾಕ್ಸು ಬಿಚ್ಚಿ ಬಿಚ್ಚಿ ಬೇಸತ್ತ ಕೈ. ಎಂಜಿನ್ನಿನ ನೆತ್ತಿಯ ಮೇಲೆ ಉಕ್ಕಿನ ಎರಡು ದಂಡಗಳು, ಕ್ಯಾಮ್‌ಶಾಫ್ಟುಗಳು. ಅವುಗಳ ಮೈಮೇಲೆ ಮೊಟ್ಟೆಯಂಥ ಉಬ್ಬುಗಳು. ದಂಡ ತಿರುಗಿದಂತೆ ಉಬ್ಬು ವಾಲ್ವನ್ನು ಒತ್ತಿ ತೆರೆಯುತ್ತದೆ, ಎಂಜಿನ್ ಉಸಿರೆಳೆಯುತ್ತದೆ. ಹಳೆಯ ದಂಡ ತೆಗೆದು ದೊಡ್ಡ ಉಬ್ಬಿನ ಹೊಸ ದಂಡ ಹಾಕಿದರೆ ವಾಲ್ವು ಹೆಚ್ಚು ತೆರೆದು ಹೆಚ್ಚು ಹೊತ್ತು ತೆರೆದೇ ಇರುತ್ತದೆ. "ಉಸರ ಹಿಗ್ಗಿಸೂ ಕೆಲಸ ಇದು," ಎಂದು ಅವನು ರಾತ್ರಿ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುವುದು ಬಿಟ್ಟು ಹೇಳಿದ್ದ. "ಆದ್ರ ಹೊತ್ತ ತಪ್ಪಬಾರ್ದು. ಪಿಸ್ಟನ್ ಮ್ಯಾಲ ಬರೂವಾಗ ವಾಲ್ವ್ ಭಾಳ ಇಳದಿತ್ತೋ, ಢಣ್ ಅಂತ ಬಡೀತೈತಿ. ಮುಗೀತು." ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮಾಡಿದ ಅವಳು ಸಂಜೆ ಕಾಲೇಜು ಬಿಟ್ಟ ಮೇಲೆ ಇಲ್ಲಿ ಬಂದು ಅವನು ಹೇಳಿದಷ್ಟು ಎಂಜಿನ್ ತಿರುಗಿಸುತ್ತಿದ್ದಳು. ಬೆಲ್ಟಿನ ಹತ್ತಿರ ಕೈ ಹಾಕುವ ಮೊದಲು ಬಳೆ ತೆಗೆ ಎನ್ನುವುದು ಅವನ ಕಟ್ಟಪ್ಪಣೆ. ತೆಗೆದು ಬೆಂಚಿನ ಕಬ್ಬಿಣದ ಹಿಡಿಕೆಗೆ ತೂಗುಹಾಕುತ್ತಿದ್ದಳು. ಹನಮವ್ವ ಒಮ್ಮೆ ಅದನ್ನು ಕಂಡು, ಗಂಡ ಗಟ್ಟಿಯಾಗಿರುವಾಗ ಬರಿಗೈ ಮಾಡಿಕೊಂಡು ನಿಲ್ಲುತ್ತೀಯಲ್ಲ, ಎಂಥ ಹೆಂಗಸು ನೀನು ಎಂದು ಕೆಂಡವಾಗಿದ್ದಳು. ಮೊನ್ನೆ ಬಾವಿಯ ಹತ್ತಿರ ಕೂರಿಸಿ ಹೆಂಗಸರು ಬಳೆ ಒಡೆಯುವಾಗ, ನೆರೆದವರೆಲ್ಲ ಗೊಳೋ ಎನ್ನುವಾಗ, ಅವಳಿಗೆ ನೆನಪಾದದ್ದು ಆ ಹಿಡಿಕೆ. ಇವರು ಇಷ್ಟೆಲ್ಲ ಸಂಭ್ರಮದಿಂದ ಒಡೆಯುತ್ತಿರುವುದನ್ನು ತಾನು ದಿನಾ ಸಂಜೆ ತಾನಾಗಿಯೇ ತೆಗೆದಿಡುತ್ತಿದ್ದೆನಲ್ಲ. ನಗು ಬಂದಿತ್ತು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಪಾಪ, ಅಳುತ್ತಾಳೆ ಎಂದಿದ್ದರು.

ಈಗ ತೆಗೆದಿಡುವುದಕ್ಕೆ ಏನೂ ಇರಲಿಲ್ಲ. ಕೈ ನೇರವಾಗಿ ಎಂಜಿನ್ನಿನೊಳಗೆ ಹೋಯಿತು.

ಉದ್ದಪ್ಪನ ಡಯಲ್ ಗೇಜು ಅವನು ಬಿಟ್ಟಲ್ಲಿಯೇ, ಅಯಸ್ಕಾಂತದ ಕಾಲಿನ ಮೇಲೆ, ಮೊದಲ ವಾಲ್ವಿನ ತಲೆಗೆ ತನ್ನ ಮೊನೆ ತಾಗಿಸಿಕೊಂಡು ನಿಂತಿತ್ತು. ಗಡಿಯಾರದಂಥ ದುಂಡು ಮುಖ, ನೂರು ಗೀಟು, ಒಂದು ಮುಳ್ಳು. ವಾಲ್ವು ಎಷ್ಟು ಕೆಳಗಿಳಿಯಿತು ಎಂದು ಕೂದಲೆಳೆಯಷ್ಟು ನಯವಾಗಿ ತೋರಿಸುವ ಸಾಧನ. ಸೋಮಲಿಂಗನ ಸ್ವಂತದ್ದು ನೆಲಕ್ಕೆ ಬಿದ್ದು ಕೆಟ್ಟಿತ್ತು. ಹೊಸದು ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಹುಕ್ಕೇರಿಯ ಉದ್ದಪ್ಪ ಅವನ ಉಸ್ತಾದ. ಆ ಉಸ್ತಾದನ ಲೇಥ್ ಅಂಗಡಿಯಲ್ಲಿಯೇ ಕೆಲಸ ಕಲಿತ ಸೋಮಲಿಂಗ ಒಂದು ದಿನ ಹೇಳದೆ ಕೇಳದೆ ಬಂದು ಗೋಕಾಕದಲ್ಲಿ ಶೆಡ್ಡು ಹಾಕಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗೇಜಿಗಾಗಿ ಹೋದಾಗ ಇವಳನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿದ್ದ, ಒಬ್ಬನೇ ಹೋಗುವ ಧೈರ್ಯವಿಲ್ಲದೆ. ಉದ್ದಪ್ಪ ಕುಳಿತಲ್ಲಿಂದ ಏಳದೆ ಬಟ್ಟೆಯಲ್ಲಿ ಸುತ್ತಿದ ಗೇಜನ್ನು ಮುಂದೆ ಚಾಚಿ, "ಏನರ ಕೇಳೂದೈತೇನು?" ಎಂದಿದ್ದ. "ಏನೂ ಇಲ್ಲ," ಎಂದಿದ್ದ ಇವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಗಂಡಸರ ಸೊಕ್ಕು ಎಷ್ಟು ಸಣ್ಣ ಜಾಗದಲ್ಲಿ ಹಿಡಿಸುತ್ತದೆ ಎಂದುಕೊಂಡು ಅವಳು ಬೈಕಿನ ಹತ್ತಿರ ನಿಂತಿದ್ದಳು.

ಗೇಜಿನ ಗಾಜು ಮಸುಕಾಗಿತ್ತು, ಮುಖದ ಮೇಲಿದ್ದ ಅಕ್ಷರಗಳು ಸವೆದು ಅಳಿಸಿಹೋಗಿದ್ದವು. ಕೆಲಸ ಶುರುಮಾಡಿದ ದಿನ ಅವನು ನಕ್ಕಿದ್ದ: "ಇದರ ಮುಳ್ಳು ನಮ್ಮ ಉಸ್ತಾದ ನಡದಂಗ ನಡೀತೈತಿ ನೋಡು. ಎಷ್ಟ ದಬ್ಬಿದ್ರೂ ಮುಂದ ಹೋಗವಲ್ದು." ಇವಳೂ ನಕ್ಕಿದ್ದಳು. ಆಮೇಲೆ ಆ ಸಂಜೆ. ಕಾಲೇಜಿನ ಪೇಪರುಗಳ ಕಟ್ಟು ತೊಡೆಯ ಮೇಲೆ. ಅವನು ಬಾಗಿಲಲ್ಲಿ ನಿಂತು, ಎಂಜಿನ್ ಕೈಯಿಂದ ತಿರುಗಿಸಿದರೆ ಎಲ್ಲಿಯೋ ತಾಗುತ್ತಿದೆ, ಎಲ್ಲ ಸರಿಯಾಗಿಯೇ ಅಳೆದಿದ್ದೇನೆ, ಒಮ್ಮೆ ಬಂದು ಅಳತೆ ನೋಡು ಎಂದ. ಮಧ್ಯಾಹ್ನ ಯಾವುದೋ ಮಾತಿಗೆ ಆಗಿದ್ದ ಮುನಿಸು ಅವಳಲ್ಲಿ ಇನ್ನೂ ಇಳಿದಿರಲಿಲ್ಲ. ತಲೆ ಎತ್ತದೆ, "ನಿಮ್ಮ ಉಸ್ತಾದನ್ನ ಕೇಳ್ರಿ," ಎಂದಳು. "ಅವನ್ನ ಕೇಳೂದಕ್ಕಿಂತ ಎಂಜಿನ್ ಬಿಚ್ಚಿ ಒಗೀತೀನಿ." ಹಾಗೆಂದು ಒಂದಷ್ಟು ಹೊತ್ತು ನಿಂತಿದ್ದ. ತಲೆ ಎತ್ತಿದರೆ ಸೋತಂತೆ ಎಂದು ಅವಳು ಎತ್ತಲಿಲ್ಲ. ಎಂಜಿನ್ನಿನ ತಲೆ ಮತ್ತು ಮೈಯ ನಡುವೆ ದಪ್ಪನೆಯ ಗ್ಯಾಸ್ಕೆಟ್ ಹಾಳೆ ಹಾಕಿ ಸ್ವಲ್ಪ ಎತ್ತರಿಸಿದರೆ ತಾಗುವುದು ನಿಂತೀತು ಎಂದು ತಾನೇ ಲೆಕ್ಕಹಾಕಿಕೊಂಡು ಅದನ್ನು ತರಲು ಘಟಪ್ರಭಾಕ್ಕೆ ಹೋದ. ಬರುವಾಗ ಬೈಕು ಬಡಿದದ್ದು ಕತ್ತಲಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ. ಗ್ಯಾಸ್ಕೆಟ್ಟಿನ ಪೊಟ್ಟಣ ಅವನ ಅಂಗಿಯೊಳಗೆ ಸುಕ್ಕಿಲ್ಲದೆ ಇತ್ತೆಂದು ಪೊಲೀಸರು ಅದನ್ನು ಅವಳಿಗೇ ಕೊಟ್ಟರು.

ಕೊನೆಗೆ ಕಂಡದ್ದು ಮುಖವಲ್ಲ, ಬಾಗಿಲಲ್ಲಿ ನಿಂತ ಅವನ ಪಾದಗಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವಳು ದೀಪ ಹಚ್ಚಿ ಬಾಗಿದಳು. ಮೊದಲು ಕಣ್ಣಿಗೆ ಬಿದ್ದದ್ದು ಕ್ಯಾಮಿನ ಪುಲ್ಲಿ, ಬೆಲ್ಟು ಹಾಯುವ ಗಾಲಿ. ಹೊಂದಿಸಲು ಅನುಕೂಲವಾಗಲಿ ಎಂದು ಅದರಲ್ಲಿ ಉದ್ದನೆಯ ತೂತುಗಳಿದ್ದವು. ಬೋಲ್ಟುಗಳು ತೂತಿನ ಒಂದು ತುದಿಗೆ ಒತ್ತಿಕೊಂಡು ನಿಂತಿದ್ದವು. ಅಷ್ಟೂ ಸಾಲದೆ ಬೆಲ್ಟನ್ನು ಒಂದು ಹಲ್ಲು ಸರಿಸಿದ್ದ. ಇದು ಅವನ ಕೆಲಸವಲ್ಲ. ಅವನು ಕೂಡಿಸಿದ್ದು ಯಾವಾಗಲೂ ನಡುವೆ ಬರುತ್ತಿತ್ತು. ತುದಿಗೆ ಬಂದರೆ ಎಲ್ಲೋ ಸುಳ್ಳಿದೆ ಎಂದು ಅವನೇ ಹೇಳುತ್ತಿದ್ದ. ಹಾಗಾದರೆ ಅವನಿಗೆ ಇಲ್ಲಿ ಸುಳ್ಳು ಹೇಳಿದವರು ಯಾರು? ಪಿಸ್ಟನ್ ತುದಿಗೆ ಬಂದಾಗ ವಾಲ್ವು ಎರಡು ಮಿಲಿಮೀಟರ್ ಇಳಿದಿರಬೇಕು ಎಂದು ಕ್ಯಾಮಿನ ಜೊತೆ ಬಂದ ಚೀಟಿಯಲ್ಲಿತ್ತು. ಗೇಜಿನ ಮುಳ್ಳು ಒಂದು ಸುತ್ತು ಹಾಕಿದರೆ ಒಂದು ಮಿಲಿಮೀಟರ್. ಅವನು ಎರಡು ಸುತ್ತು ಎಣಿಸಿ ಬಿಗಿದಿದ್ದ. ಸರಿಯೇ ಇತ್ತು. ಅವಳು ಸ್ವಲ್ಪ ಹೊತ್ತು ಏನೂ ಯೋಚಿಸದೆ ಆ ಮುಳ್ಳನ್ನು ನೋಡಿದಳು. ಉಸ್ತಾದ ನಡೆದಂತೆ ನಡೆಯುವ ಮುಳ್ಳು. ಎಷ್ಟು ದಬ್ಬಿದರೂ ಮುಂದೆ ಹೋಗದ ಮುಳ್ಳು.

ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಅವಳು ಮೊದಲು ಹೇಳುತ್ತಿದ್ದ ಮಾತೇ ಅದು: ಅಳೆಯುವ ಮೊದಲು ಅಳೆಯುವುದನ್ನು ಅಳೆಯಿರಿ. ಬೆಂಚಿನ ಮೇಲಿದ್ದ ಉಕ್ಕಿನ ಪಟ್ಟಿಗಳ ಕಟ್ಟಿನಿಂದ ಒಂದು ಮಿಲಿಮೀಟರ್ ದಪ್ಪದ್ದನ್ನು ಆರಿಸಿ, ಗೇಜಿನ ಮೊನೆ ಎತ್ತಿ ಅದರಡಿ ತೂರಿಸಿದಳು. ಮುಳ್ಳು ಹೊರಟಿತು, ಒಂದು ಸುತ್ತು ಮುಗಿಸಿ ಸೊನ್ನೆಗೆ ಬರಬೇಕಿತ್ತು. ನಲವತ್ತರ ಹತ್ತಿರ ಬಂದು ನಿಂತಿತು. ಪಟ್ಟಿ ತೆಗೆದು ಒರೆಸಿ ಮತ್ತೆ ತೂರಿಸಿದಳು. ಮತ್ತೆ ಅಲ್ಲಿಯೇ.

ಇಂಚಿನ ಗೇಜು. ಉದ್ದಪ್ಪನ ಅಪ್ಪ ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದನಂತೆ, ಆ ಕಾಲದ್ದು. ಎರಡು ಸುತ್ತು ಎಂದರೆ ಎರಡು ಮಿಲಿಮೀಟರಲ್ಲ, ಐದಕ್ಕೂ ಮೇಲೆ. ವಾಲ್ವು ತೆರೆದ ಬಾಯಿ ಪಿಸ್ಟನ್ನಿನ ದಾರಿಯಲ್ಲಿಯೇ ಇತ್ತು. ಗ್ಯಾಸ್ಕೆಟ್ ಎಷ್ಟು ದಪ್ಪದ್ದು ತಂದರೂ ಸಾಲುತ್ತಿರಲಿಲ್ಲ. ಗ್ಯಾಸ್ಕೆಟ್ ಬೇಕಾಗಿಯೇ ಇರಲಿಲ್ಲ. ಆ ಸಂಜೆ ಅವಳು ತಲೆ ಎತ್ತಿ, ಚಪ್ಪಲಿ ಮೆಟ್ಟಿ, ರಸ್ತೆ ದಾಟಿ ಬಂದಿದ್ದರೆ ಇದು ಚಹಾ ಆರುವಷ್ಟರೊಳಗೆ ತಿಳಿಯುತ್ತಿತ್ತು.

ಅವಳು ಸ್ಟೂಲಿನ ಮೇಲೆ ಕುಳಿತಳು. ದುಃಖ ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ಬಂದದ್ದು ಸಿಟ್ಟು, ಅದೂ ತಣ್ಣಗಿನ ಸಿಟ್ಟು, ಕೈಗಳಿಗೆ ಕೆಲಸ ಕೊಡುವಂಥದ್ದು. ಪುಲ್ಲಿಯ ಬೋಲ್ಟು ಸಡಿಲಿಸಿ, ಬೆಲ್ಟು ಇಳಿಸಿ, ಸರಿಸಿದ ಹಲ್ಲನ್ನು ಹಿಂದಕ್ಕೆ ತಂದಳು. ಇಂಚನ್ನು ಮಿಲಿಮೀಟರಿಗೆ ತಿರುಗಿಸಿ ಎಣಿಸುತ್ತ, ಸಂಶಯ ಬಂದಾಗಲೆಲ್ಲ ಪಟ್ಟಿ ಇಟ್ಟು ನೋಡುತ್ತ, ಮೊದಲು ಗಾಳಿ ಎಳೆಯುವ ದಂಡ, ಆಮೇಲೆ ಹೊಗೆ ಬಿಡುವ ದಂಡ ಹೊಂದಿಸಿದಳು. ಕೈ ನೋಯತೊಡಗಿತು. ಅವನು ಇದ್ದಾಗ ತಿರುಗಿಸುವವಳು ಬೇರೆ, ನೋಡುವವನು ಬೇರೆ. ಈಗ ತಿರುಗಿಸಿ ಓಡಿಬಂದು ತಾನೇ ನೋಡಬೇಕು. ಬಿಗಿದು ನೋಡಿದಾಗ ಬೋಲ್ಟುಗಳು ತೂತಿನ ನಡುವೆ ನಿಂತಿದ್ದವು. ಎಂಜಿನ್ನನ್ನು ಕೈಯಿಂದ ತಿರುಗಿಸಿದಳು. ಒಂದು ಸುತ್ತು, ಇನ್ನೊಂದು, ಮತ್ತೊಂದು. ಎಲ್ಲಿಯೂ ತಾಗಲಿಲ್ಲ. ಹೊಸ ಉಬ್ಬುಗಳಿಗೆ ಅವನು ಬಳಿದಿದ್ದ ಕಪ್ಪು ಲೇಪ ಒಣಗಿತ್ತು. ಅದನ್ನು ಮತ್ತೆ ಬಳಿದು ಮುಚ್ಚಳ ಬಿಗಿದಳು.

ವಿಶಾಲ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ, ಕಾರು ಹೇರುವ ಲಾರಿಯ ಜೊತೆ. ಅವನ ಹಿಂದೆ ಮಾಲಿಂಗಪ್ಪ, ಮಾಲಿಂಗಪ್ಪನ ಹಿಂದೆ ಕೋಲೂರಿಕೊಂಡು ಹನಮವ್ವ.

"ವೈನಿ, ನೀವ್ಯಾಕ ತ್ರಾಸ ತಗೊಂಡ್ರಿ," ಎಂದ ವಿಶಾಲ. ಒಳ್ಳೆಯ ಹುಡುಗ. ಬೆಲೆಬಾಳುವ ಬೂಟುಗಳನ್ನು ಬಾಗಿಲ ಹೊರಗೇ ಬಿಟ್ಟು ಬಂದಿದ್ದ.

"ಲಾರಿ ವಾಪಸ್ ಕಳಸ್ರಿ. ಕೆಲಸ ಮುಗದೈತಿ. ಇಲ್ಲೇ ಸ್ಟಾರ್ಟ್ ಮಾಡ್ತೀನಿ, ನೋಡ್ರಿ. ಮನಸ್ಸಿಗಿ ಬರ್ಲಿಲ್ಲಂದ್ರ ಆಗ ಒಯ್ರಿ."

ಅವನು ಬಾಗಿ ನೋಡಿದ, ಕೇಳಿದ, ಅವಳು ಹೇಳಿದಳು. ತಪ್ಪಾಗಿದ್ದದ್ದನ್ನೂ ಮುಚ್ಚಿಡಲಿಲ್ಲ. ಗೇಜು ಇಂಚಿನದು, ಅವರು ಮಿಲಿಮೀಟರ್ ಎಂದುಕೊಂಡರು, ನಾನು ತಿದ್ದಿದ್ದೇನೆ ಎಂದಳು. ತಮ್ಮನ ತಪ್ಪನ್ನು ಹೀಗೆ ಹೊರಗಿನವನ ಮುಂದೆ ಹೇಳಿದಳಲ್ಲ ಎಂದು ಮಾಲಿಂಗಪ್ಪನ ಮುಖ ಕಪ್ಪಿಟ್ಟಿತು. ವಿಶಾಲ ಮತ್ತೊಮ್ಮೆ ಎಂಜಿನ್ನಿನ ಮೇಲೆ ಬಾಗಿ, "ಆಗ್ಲಿ," ಎಂದ. ಆಮೇಲೆ ಕತ್ತು ತುರಿಸಿಕೊಂಡ.

"ಒಂದ ಮಾತು ವೈನಿ. ತಪ್ಪ ತಿಳ್ಕೋಬ್ಯಾಡ್ರಿ. ನಮ್ಮವ್ವ ಅಂದಿದ್ಲು... ಮೊದಲನೇ ಸಲ ಕೀಲಿ ತಿರುಗಸೂದು... ಯಾರರ ಮುತ್ತೈದಿ ಕೈಲೆ ಆದ್ರ..."

ಯಾವ ಎಂಜಿನ್ ಬಿಚ್ಚಿ ಕೂಡಿಸಿದರೂ ಮೊದಲ ಕೀಲಿ ತಿರುಗಿಸುತ್ತಿದ್ದವಳು ಸುಮನ್. ಅವಳ ಕೈಗುಣ ದೊಡ್ಡದು ಎಂದು ಸೋಮಲಿಂಗ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದ. ಅವಳು ಬರುವವರೆಗೆ ಟ್ರಾಕ್ಟರಿನವರು ಬೀಡಿ ಸೇದುತ್ತ ಕಾಯುತ್ತಿದ್ದರು. ಅದೇ ಕೈ. ಗ್ರೀಸು ಉಗುರುಗಳ ಸಂದಿಯಲ್ಲಿ ಕಪ್ಪಗೆ ಕೂತಿತ್ತು. ಎಲ್ಲಿ ಬದಲಾಯಿತು ಎಂದು ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು.

"ನಮ್ಮ ಮನ್ಯಾಕೀನ ಕರೀತೀನಿ," ಎಂದ ಮಾಲಿಂಗಪ್ಪ.

ಆಗ ಹನಮವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ಏನಪಾ ಸಾವ್ಕಾರ, ನಿನ್ನ ಕಾರು ಪೆಟ್ರೋಲ್ ಕುಡೀತೈತೋ ಕುಂಕುಮ ತಿಂತೈತೋ? ಇಷ್ಟೊತ್ತಿನ ತನಕ ಅದರ ಹೊಟ್ಟ್ಯಾಗ ಕೈ ಹಾಕಿ ತಿರುವಿದಾಕಿ ಈಕಿನ. ಅದಕ್ಕ ನಡೀತೈತಿ, ಕೀಲಿಗಷ್ಟ ಮೈಲಿಗಿ ಏನು?"

"ಹಂಗಲ್ಲ ಆಯಿ..."

ಸುಮನ್ ಆಗಲೇ ಕಾರಿನೊಳಗೆ ಕುಳಿತಾಗಿತ್ತು. "ವಿಶಾಲ, ಹಿಂದಕ್ಕ ಸರೀರಿ," ಎಂದು ಕೀಲಿ ತಿರುಗಿಸಿದಳು.

ಎಂಜಿನ್ ಕೆಮ್ಮಿತು, ಒದರಿತು, ಹಿಡಿಯಿತು. ಹೊಸ ಕ್ಯಾಮ್ ಹಾಕಿದ ಎಂಜಿನ್ನಿಗೆ ಒಂದು ಕಟ್ಟಳೆ ಇದೆ: ಮೊದಲ ಸಲ ಹಚ್ಚಿದಾಗ ಸಣ್ಣಗೆ ಉರಿಯಲು ಬಿಡಬಾರದು. ಒಂದು ಅನ್ನ ಬೇಯುವಷ್ಟು ಹೊತ್ತು ಜೋರಾಗಿಯೇ ಓಡಬೇಕು, ಆಗಷ್ಟೇ ಉಬ್ಬುಗಳು ತಮ್ಮ ಜಾಗಕ್ಕೆ ಪಳಗುತ್ತವೆ. ನಡುವೆ ಕಾಲು ತೆಗೆದರೆ ಉಕ್ಕು ಉಕ್ಕನ್ನು ತಿಂದು ಎಲ್ಲ ಹಾಳು. ಅವಳು ಎಕ್ಸಲರೇಟರನ್ನು ಒತ್ತಿದಳು. ತಗಡಿನ ಶೆಡ್ಡು ನಡುಗಿತು. ಗೋಡೆಯ ಮೇಲಿನ ಬೋಲ್ಟು ಬಿಗಿಯುವ ಪಾನಾಗಳು ಕುಣಿದು ಒಂದೊಂದಾಗಿ ಉದುರಿದವು. ರಸ್ತೆಯಾಚೆ ಓಣಿಯ ಬಾಯಿಯಲ್ಲಿ ಮೊದಲು ಮಕ್ಕಳು, ಆಮೇಲೆ ಹೆಂಗಸರು, ಸೊಂಟದ ಮೇಲೆ ಕೊಡ ಹೊತ್ತಂತೆಯೇ ಮರೆವ್ವ. ದಿನದ ಊಟ ಮುಗಿದ ಮರುದಿನವೇ ಈ ಅಬ್ಬರ. ಮಾಲಿಂಗಪ್ಪ ಕಿಟಕಿಗೆ ಬಂದು ಎರಡೂ ಕೈ ಬೀಸುತ್ತ ಬಾಯಿ ತೆರೆಯುತ್ತಿದ್ದ. ಬಂದ್ ಮಾಡು, ಬಂದ್ ಮಾಡು ಎನ್ನುತ್ತಿರಬೇಕು. ಅವಳು ತಲೆ ಅಲ್ಲಾಡಿಸಿದಳು. ಕಾಲು ತೆಗೆಯುವ ಹಾಗಿರಲಿಲ್ಲ. ಊರೆಲ್ಲ ನೋಡಲಿ, ನೋಡಿ ಏನು ಬೇಕಾದರೂ ಅನ್ನಲಿ, ತೆಗೆಯುವ ಹಾಗಿಲ್ಲ. ಆ ಸಪ್ಪಳದ ನಡುವೆ ತನ್ನ ಬಾಯಿಯೂ ತೆರೆದಿದೆ ಎಂದು ಅವಳಿಗೆ ತಡವಾಗಿ ತಿಳಿಯಿತು. ತಾನು ಒದರುತ್ತಿದ್ದೇನೆ. ಮದುವೆಯಾದ ಮೇಲೆ ಮೊದಲ ಸಲ ಅವನನ್ನು ನೀ ಎಂದು ಒದರುತ್ತಿದ್ದೇನೆ. ಕೇಳಬೇಕಿತ್ತೋ ಮಬ್ಬಾ, ಒಂದು ಮಾತು ಕೇಳಿದ್ದರೆ ನಿನ್ನ ನಾಲಿಗೆ ಸವೆಯುತ್ತಿತ್ತೇನೋ. ಇನ್ನೊಂದು ಸಲ ಕರೆಯಬೇಕಿತ್ತು ನನ್ನ, ಇನ್ನೊಂದೇ ಸಲ, ನಾನು ಬರುತ್ತಿದ್ದೆನಲ್ಲೋ, ಎರಡನೇ ಸಲಕ್ಕೆ ನಾನು ಯಾವಾಗಲೂ ಬರುತ್ತಿದ್ದೆನಲ್ಲೋ. ಗ್ಯಾಸ್ಕೆಟ್ ತರಲಿಕ್ಕೆ ಹೋದನಂತೆ ಗ್ಯಾಸ್ಕೆಟ್. ತಿಳಿದಿದ್ದ ಬೈಗುಳಗಳೆಲ್ಲ ತೀರಿದವು, ತಿಳಿದಿರದವೂ ಬಂದವು. ಹೊರಗಿನವರಿಗೆ ಕಂಡದ್ದು ತುಟಿಗಳಷ್ಟೇ. ದೇವರ ನಾಮ ಹೇಳುತ್ತಿದ್ದಳು, ಪಾಪ, ಎಂದು ಮರೆವ್ವ ಆಮೇಲೆ ಓಣಿಯಲ್ಲೆಲ್ಲ ಹೇಳಿದಳಂತೆ.

ಹೊತ್ತು ತುಂಬಿದ ಮೇಲೆ ಮೆಲ್ಲಗೆ ಕಾಲು ಎತ್ತಿದಳು. ಎಂಜಿನ್ ಇಳಿದು, ತುಸು ಕುಂಟಿದಂತೆ, ದೊಡ್ಡ ಕ್ಯಾಮಿನ ಎಂಜಿನ್ನು ಇರಬೇಕಾದ ಹಾಗೆಯೇ ಗುಡುಗುಡು ಎನ್ನತೊಡಗಿತು. ಅವಳ ಗಂಟಲು ಹರಿದಿತ್ತು. ವಿಶಾಲ ಲಾರಿಯವನಿಗೆ ಹೋಗು ಎಂದು ಕೈ ಮಾಡಿದ.

"ಹುಕ್ಕೇರಿ ತನಕ ನಾ ನಡಸ್ತೀನಿ," ಎಂದಳು ಅವಳು. "ಏನರ ಆದ್ರ ನನ್ನ ಕೈಯಾಗ ಆಗ್ಲಿ. ಅಲ್ಲಿಂದ ನೀವು ಸಂಕೇಶ್ವರಕ್ಕ ಒಯ್ರಿ, ನಾ ಬಸ್ಸಿಗಿ ಬರ್ತೀನಿ. ಅಲ್ಲೊಂದು ಕೊಡೂದೈತಿ."

"ನಿಮ್ಮಣ್ಣ ಮೂಡಲಗಿಯಿಂದ ಬಂದ್ರ ಏನ ಹೇಳೂದು?" ಎಂದ ಮಾಲಿಂಗಪ್ಪ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಊಟ ಮಾಡಿಸಿ ಕಳಸ್ರಿ. ತವರಿಗಿ ನಾ ನನ್ನ ಪುರಸೊತ್ತಿಲೆ ಹೋಗ್ತೀನಿ ಅಂತ ಹೇಳ್ರಿ. ಟಾಯರಿನವರಿಗೂ ಶೆಡ್ಡ ಖಾಲಿ ಇಲ್ಲಂತ ಹೇಳ್ರಿ."

ಘಟಪ್ರಭಾದ ಈಚೆಗೆ ಆ ಜಾಗ ಬಂತು. ಟ್ರೇಲರು ಇರಲಿಲ್ಲ, ರಸ್ತೆಯ ಬದಿಗೆ ಕಬ್ಬಿನ ಸೋಗೆ, ಒಂದು ಚಪ್ಪಟೆಯಾದ ಕಲ್ಲು. ವಿಶಾಲ ಪಕ್ಕದ ಸೀಟಿನಲ್ಲಿ ಉಸಿರು ಹಿಡಿದು ಕುಳಿತಿದ್ದ. ಅವಳು ನಿಧಾನ ಮಾಡಲಿಲ್ಲ, ಕಣ್ಣು ಹೊರಳಿಸಲೂ ಇಲ್ಲ. ಮುಂದೆ ಹೋಗುತ್ತಿದ್ದ ಜೋಡಿ ಟ್ರೇಲರಿನ ಟ್ರಾಕ್ಟರು ದಾರಿ ಬಿಡದೆ ನಡುರಸ್ತೆಯಲ್ಲಿ ಹಾಡು ಹಚ್ಚಿಕೊಂಡು ತೂಗಾಡುತ್ತಿತ್ತು. ಗೇರು ಇಳಿಸಿ ಒತ್ತಿದಳು. ಎಂಜಿನ್ ಎದೆ ತುಂಬ ಉಸಿರೆಳೆದುಕೊಂಡಿತು. ಬೆನ್ನು ಸೀಟಿಗೆ ಅಂಟಿತು. ಟ್ರಾಕ್ಟರು ಹಿಂದೆ ಬಿತ್ತು. ಸೋಮಲಿಂಗ ಹೇಳುತ್ತಿದ್ದದ್ದು ಇದನ್ನು. ಇದನ್ನು ಅವನು ಒಂದು ಸಲವೂ ಅನುಭವಿಸಲಿಲ್ಲ.

ಹುಕ್ಕೇರಿಯಲ್ಲಿ ಉದ್ದಪ್ಪನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಅವಳು ಕಾರು ನಿಲ್ಲಿಸಿ, ಬಂದ್ ಮಾಡಿ, ಕೀಲಿಯನ್ನು ವಿಶಾಲನ ಕೈಗೆ ಕೊಟ್ಟು ಒಳಗೆ ಹೋದಳು. ಲೇಥಿನ ಮುಂದೆ ಕುಳಿತಿದ್ದ ಉದ್ದಪ್ಪ ಅವಳ ಬರಿಹಣೆ ಕಂಡು ಎದ್ದು ನಿಂತ.

"ಮಣ್ಣಿಗಿ ಬರಾಕ ಆಗಲಿಲ್ಲ ತಂಗಿ. ಮಣಕಾಲಬ್ಯಾನಿ..." ಎಂದವನು ಅದನ್ನು ಅಲ್ಲಿಯೇ ಬಿಟ್ಟ.

"ಗೇಜ್ ತಂದೇನ್ರಿ."

"ಅದನ್ನ ಈಗ ಯಾರ ಕೇಳಿದ್ರು? ಇರ್ಲಿ ಇಟ್ಕೋ."

ಅವಳು ಲೇಥಿನ ಮೇಲೆ ಗೇಜು ನಿಲ್ಲಿಸಿ, ಅದರ ಮೊನೆಯಡಿ ಉಕ್ಕಿನ ಪಟ್ಟಿ ತೂರಿಸಿದಳು. ಮುಳ್ಳು ಹೋಗಿ ನಲವತ್ತರ ಹತ್ತಿರ ನಿಂತಿತು. ಉದ್ದಪ್ಪ ಮುಳ್ಳನ್ನು ನೋಡಿದ, ಪಟ್ಟಿ ನೋಡಿದ, ಅದರ ಮೇಲೆ ಕೊರೆದಿದ್ದ ಒಂದು ಎಂಬ ಅಂಕಿಯನ್ನು ಕನ್ನಡಕ ಮೇಲೆತ್ತಿ ನೋಡಿದ. ಹೆಂಚಿನ ಮೇಲೆ ಎಲ್ಲೋ ಪಾರಿವಾಳ ಗುಟುರುಹಾಕುತ್ತಿತ್ತು.

"ಇಂಚಿಂದು," ಎಂದ ಕೊನೆಗೆ. "ನಮ್ಮಪ್ಪನ ಕಾಲದ್ದು."

"ಅವರಿಗಿ ಗೊತ್ತಿರಲಿಲ್ಲ."

"ಕೇಳ್ತಾನಂತ ದಾರಿ ನೋಡಿದ್ನಿ ತಂಗಿ. ಒಂದ ಫೋನ್ ಮಾಡ್ತಾನ, ಉಸ್ತಾದ ಮುಳ್ಳ ಸರೀ ಓಡವಲ್ದು ಅಂತಾನ, ಆಗ ಹೇಳೂಣಂತ. ಕೆಡಸಬೇಕಂತಲ್ಲ, ಖರೆ ಹೇಳ್ತೀನಿ. ಒಂದ ಸಲ ಕೇಳ್ಲಿ ಅಂತ, ಅಷ್ಟ."

"ನನ್ನ ಕೇಳಿದ್ರು," ಎಂದಳು ಅವಳು, ಹರಿದ ಗಂಟಲಿನಿಂದ. "ನಾ ನಿಮ್ಮನ್ನ ಕೇಳ್ರಿ ಅಂದ್ನಿ."

ಉದ್ದಪ್ಪ ಸ್ಟೂಲಿಗೆ ಕೈಯೂರಿದ. ಗೇಜನ್ನು ಮುಟ್ಟಲಿಲ್ಲ. "ಇದನ್ನ ಒಯ್ಯವಾ. ನನಗ ಬ್ಯಾಡ. ಇದನ್ನ ನೋಡ್ಕೋತ ನಾ ಇಲ್ಲಿ ಹೆಂಗ ಕೂಡ್ಲಿ?"

"ಎರವಲ ತಂದದ್ದು. ನಿಮ್ಮದು. ನೋಡ್ಕೋತ ಕೂಡ್ರಿ. ನಾನೂ ಕೂಡ್ತೀನಿ, ನಮ್ಮ ಶೆಡ್ಡಿನಾಗ. ನನಗ ಬೇಕಾದ್ದ ನಾ ಹೊಸಾದು ತರಸ್ತೀನಿ, ಮಿಲಿಮೀಟರಿಂದು."

ಹೊರಗೆ ವಿಶಾಲ ಕಾರು ಹಚ್ಚಿದ. ಉದ್ದಪ್ಪನ ತಲೆ ತಾನಾಗಿಯೇ ಒಂದು ಕಡೆಗೆ ವಾಲಿತು. ಕಣ್ಣು ಮುಚ್ಚಿಕೊಂಡ. ಎಂಜಿನ್ ಗುಡುಗುತ್ತ, ತುಸು ಕುಂಟುತ್ತ, ವಿಶಾಲ ಒತ್ತಿದಾಗ ಒಂದೇ ಉಸಿರಿಗೆ ಮೇಲೇರಿ, ಬಿಟ್ಟಾಗ ಒಂದು ಸಣ್ಣ ತಡೆಯೂ ಇಲ್ಲದೆ ಇಳಿಯಿತು. ದುಃಖವೂ ನಾಚಿಕೆಯೂ ತುಂಬಿದ್ದ ಆ ಮುದಿ ಮುಖದ ಮೇಲೆ, ಎಷ್ಟು ತಡೆದರೂ ತಡೆಯಲಾರದೆ, ಒಳ್ಳೆಯ ಕೆಲಸ ಕೇಳಿದ ಸುಖ ಹರಡಿದ್ದನ್ನು ಸುಮನ್ ನೋಡಿದಳು. ಅದನ್ನು ನೋಡುವುದಕ್ಕೆಂದೇ ಬಂದಿದ್ದೆನೇನೋ ಎನಿಸಿತು.

"ಯಾರ ಕೂಡಿಸಿದ್ದು ಇದನ್ನ?" ಎಂದ ಅವನು, ಕಣ್ಣು ತೆರೆಯದೆ.

"ಕೂಡಿಸಿದ್ದು ನಿಮ್ಮ ಹುಡುಗ. ತಪ್ಪಿತ್ತು. ತಿದ್ದಿದ್ದು ನಾನು."

ಕಾರು ಸಂಕೇಶ್ವರದ ದಾರಿ ಹಿಡಿದು ದೂರವಾಯಿತು. ಸಪ್ಪಳ ಪೂರ್ತಿ ಅಡಗಿದ ಮೇಲೆ ಅವಳು ಗೇಜನ್ನು ಎತ್ತಿ, ಮೊನೆಗೆ ಹತ್ತಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸಿ, ಮುಂದೆ ಹಿಡಿದಳು. ಉದ್ದಪ್ಪ ಅದನ್ನೇ ನೋಡುತ್ತ ನಿಂತ. ಅವಳು ಕೈ ಇಳಿಸಲಿಲ್ಲ. ಕೈ ನೋಯುತ್ತಿತ್ತು, ಆದರೂ ಇಳಿಸಲಿಲ್ಲ. ಆಮೇಲೆ ಅವನು ಅಂಗೈ ಚಾಚಿದ, ಒಂದು ಸಾಲದೆಂಬಂತೆ ಎರಡನೆಯದನ್ನೂ ಅದರ ಕೆಳಗೆ ಕೊಟ್ಟ. ಅವಳು ಗೇಜನ್ನು ಅಲ್ಲಿಟ್ಟು ತನ್ನ ಕೈ ಹಿಂದಕ್ಕೆ ತೆಗೆದುಕೊಂಡಳು.